ಅಂಬವ್ವನ ಪಾಟಿ ಮತ್ತು ಕುಣಿಯುವ ಗಿಳಿ

ಗಂಟಲಿನ ಆಪರೇಶನ್ ಆದಮೇಲೆ ನಮ್ಮವ್ವ ಅಂಬವ್ವನ ದನಿ ಹೋಯಿತು. ಕಿವಿ ಚುರುಕಾಗಿಯೇ ಇದೆ, ಮಾತಿಲ್ಲ. ಏನು ಹೇಳಬೇಕಾದರೂ ಪಾಟಿಯ ಮೇಲೆ ಬಳಪದಿಂದ ಬರೆಯುತ್ತಾಳೆ, ಅದೂ ಅವಳಿಗೆ ಬರುವ ಒಂದೇ ಲಿಪಿಯಲ್ಲಿ, ಕನ್ನಡದಲ್ಲಿ. ನಾನೂ ಹೆಂಡತಿ ಸೋನಾಲಿಯೂ ಬೆಳಿಗ್ಗೆ ಲೋಕಲ್ ರೈಲು ಹಿಡಿದು ಕೆಲಸಕ್ಕೆ ಹೋದರೆ ಬರುವುದು ಸಂಜೆಗೆ. ಮಗಳು ಸೌಮ್ಯಾ ಶಾಲೆ ಬಿಟ್ಟು ಬಂದಮೇಲೆ ಕುರ್ಲಾದ ಈ ಚಾಳಿನ ಖೋಲಿಯಲ್ಲಿ ಅಜ್ಜಿ, ಮೊಮ್ಮಗಳು ಇಬ್ಬರೇ. ಮಗಳದು ಇಂಗ್ಲಿಷ್ ಶಾಲೆ. ಅವಳು ಕನ್ನಡ ಓದಲು ಕಲಿಯದಿದ್ದರೆ ಅಜ್ಜಿ ಅವಳ ಪಾಲಿಗೆ ಮೂಕಿಯೇ.

ಮೊದಲು ನಾನೇ ಕಲಿಸಲು ಕೂತೆ. ಎರಡನೇ ದಿನ ಅವಳಿಗೆ ಹೊಟ್ಟೆನೋವು, ಮೂರನೇ ದಿನ ತಲೆನೋವು. ಆಗ ಆಫೀಸಿನಲ್ಲಿ ಯಾರೋ ಹೇಳಿದ ಆ್ಯಪ್ ಒಂದನ್ನು ಟ್ಯಾಬಿಗೆ ಹಾಕಿಕೊಟ್ಟೆ. ಮಕ್ಕಳು ಆಡುತ್ತಾ ಆಡುತ್ತಾ ಕಲಿತುಬಿಡುತ್ತಾರಂತೆ. ಸರಿಯಾದ ಉತ್ತರ ಒತ್ತಿದರೆ ಗಿಳಿ ಕುಣಿಯುತ್ತದೆ, ನಕ್ಷತ್ರಗಳು ಉದುರುತ್ತವೆ. ಮೂರು ತಿಂಗಳಲ್ಲಿ ನಾಲ್ಕು ಸಾವಿರ ನಕ್ಷತ್ರ.

"ಒಂದ ಕಡೆ ಕೂಡ್ತಾಳಲ್ಲ, ಅಷ್ಟ ಸಾಕು" ಎಂದಳು ಸೋನಾಲಿ. ನನಗೂ ಹಾಗೇ ಅನಿಸಿತ್ತು.

ಮೊನ್ನೆ ರವಿವಾರ ಅವ್ವ ಕವಡೆಗಳನ್ನು ಪಕ್ಕದಲ್ಲಿಟ್ಟುಕೊಂಡು, ಪಾಟಿಯ ಮೇಲೆ 'ಆಟ ಆಡೂಣು ಬಾ' ಎಂದು ಬರೆದು ಸೌಮ್ಯಾಳ ಮುಂದೆ ಹಿಡಿದಳು.

"ಓದ ನೋಡೋಣು" ಎಂದೆ ನಾನು, ದೊಡ್ಡ ಹುರುಪಿನಲ್ಲಿ.

ಅವಳು ಪಾಟಿಯ ಹಿಂದೆ ಮುಂದೆ ನೋಡಿದಳು. "ಪಪ್ಪಾ, ಆಪ್ಶನ್ ಎಲ್ಲಿ?"

"ಎಂಥಾ ಆಪ್ಶನ್?"

"ಚಾರ್ ಆಪ್ಶನ್ ಹೋತೇ ಹೈ ನ. ಅದ್ರಾಗ ಒಂದ ರೈಟ್ ಇರ್ತದ."

ನನಗೆ ಮೈಯೆಲ್ಲ ಉರಿಯಿತು. ಹುಡುಗಿ ಕಲಿತದ್ದು ನಾಲ್ಕರಲ್ಲಿ ಒಂದನ್ನು ಒತ್ತುವುದನ್ನು, ಓದುವುದನ್ನಲ್ಲ. ಆ ಗಿಳಿಯ ಕತ್ತು ಹಿಸುಕಬೇಕೆನಿಸಿತು. ಅದು ಕೈಗೆ ಸಿಗುವಂತಿರಲಿಲ್ಲ, ಸಿಕ್ಕವಳು ಮಗಳು.

"ಅಕ್ಷರಾ ಕೂಡಿಸಿ ಓದ" ಎಂದು ಗದರಿದೆ.

ಕಣ್ಣಲ್ಲಿ ನೀರು ತುಂಬಿಕೊಂಡೇ ಅವಳು ಮೊದಲ ಪದದ ಮೇಲೆ ಬೆರಳಿಟ್ಟಳು. "ಆ... ಟ... ಆಟಾ." ಮುಖ ಅರಳಿತು. ಓಡಿಹೋಗಿ ಗ್ಯಾಸಿನ ಪಕ್ಕದಲ್ಲಿದ್ದ ಗೋಧಿಹಿಟ್ಟಿನ ಡಬ್ಬಿ ತಂದು ಅಜ್ಜಿಯ ಮುಂದಿಟ್ಟಳು.

ಅವ್ವ ಡಬ್ಬಿಯನ್ನು ನೋಡಿದಳು, ಮೊಮ್ಮಗಳನ್ನು ನೋಡಿದಳು. ಹುಡುಗಿಗೆ ಹಸಿವಾಗಿದೆ ಎಂದುಕೊಂಡಳೋ ಏನೋ, ಕವಡೆಗಳನ್ನು ಸರಿಸಿ ಚಪಾತಿ ಮಾಡಲು ಎದ್ದಳು.

ನನ್ನ ಸಿಟ್ಟು ಎತ್ತಲೋ ಹೋಯಿತು. ಮಗಳನ್ನು ಹತ್ತಿರ ಕರೆದೆ. "ಇದು ಹಿಂದಿ ಆಟಾ ಅಲ್ಲ ಮಗಳ, ಹಿಟ್ಟಲ್ಲ. ಕನ್ನಡದ ಆಟ. ಖೇಲ್. ನಿನ್ನ ಕೂಡ ಆಡಬೇಕಂತ ಅಜ್ಜಿ ಕರದಾಳ."

ಸೌಮ್ಯಾ ಪಾಟಿಯನ್ನು ಮತ್ತೊಮ್ಮೆ ದಿಟ್ಟಿಸಿದಳು.

"ಇದನ್ನ ಅಜ್ಜಿ ದಿನಾ ತೋರಸ್ತಾಳ, ಪಪ್ಪಾ. ಅಜ್ಜಿನೂ ಬರಿಯೂದ ಕಲೀಲಿಕತ್ತಾಳ ಅಂದ್ಕೊಂಡಿದ್ದೆ ನಾ."