ಹಿಂದಿನ ಸೀಟು ತಪ್ಪಿಸುವ ಆಟ

ಮೊಬೈಲಿನಲ್ಲಿ ಓಡುವ ಆಟದ ಅಂಕಗಳೂ ಒಂದು ಕಥೆಯೇ ಎಂದು ನೀವು ಕೇಳಬಹುದು. ಕ್ಷಮೆ ಕೇಳಿಯೇ ಶುರುಮಾಡುತ್ತೇನೆ. ಶ್ರೀಲಕ್ಷ್ಮಿಯ ಸೊಂಟ ಆ ಅಂಕಗಳನ್ನೇ ನಂಬಿಕೊಂಡಿತ್ತು, ಅದಕ್ಕಾಗಿ ಹೇಳಬೇಕೆನ್ನಿಸಿತು.

ಹಳೇ ಊರಿನ ಮಹಾಲಿನಿಂದ ಊರಾಚೆಯ ಕಾರ್ಖಾನೆಗಳ ಮಿಹಾನಿಗೆ ಹೋಗುವ ಕಂಪನಿ ಗಾಡಿಯಲ್ಲಿ ಶ್ರೀಲಕ್ಷ್ಮಿಯೂ ಸೇರಿ ಐದು ಜನ. ಸೀಟಿಗಾಗಿ ದಿನಾ ಕಿತ್ತಾಟವಾಗಿ, ಎಲ್ಲರಿಗಿಂತ ಕಿರಿಯನಾದ ಸಂಕೇತ್ ಒಂದು ಕಟ್ಟಳೆ ಮಾಡಿದ್ದ. ಸೋಮವಾರ ಬೆಳಿಗ್ಗೆ ಅವನ ಫೋನಿನಲ್ಲಿ ಒಬ್ಬೊಬ್ಬರೂ ಒಂದು ಸಲ ಆಡಬೇಕು. ರೈಲುಹಳಿಯ ಮೇಲೆ ಓಡುವವನು ಎಲ್ಲಾದರೂ ಡಿಕ್ಕಿ ಹೊಡೆದರೆ ಆಟ ಮುಗಿಯಿತು. ಹೆಚ್ಚು ಅಂಕದವರಿಗೆ ವಾರವಿಡೀ ಡ್ರೈವರ್ ಪಕ್ಕದ ಸೀಟು. ಕಡಿಮೆಯವರಿಗೆ ಹಿಂದಿನ ಚಕ್ರದ ಮೇಲಿನ ಒಂಟಿ ಸೀಟು. ರಸ್ತೆಯ ಪ್ರತಿ ಗುಂಡಿಯೂ ನೇರ ಬೆನ್ನಿಗೆ ಬಡಿಯುವ ಜಾಗ ಅದು.

"ಬರ್ರಿ ಕಾಕೂ, ನಿಮ್ಮ ಸಿಂಹಾಸನ ಖಾಲಿ ಅದ," ಎಂದು ಸಂಕೇತ್ ಪ್ರತಿವಾರ ಕರೆಯುತ್ತಿದ್ದ. ಶ್ರೀಲಕ್ಷ್ಮಿ ನಕ್ಕು ಹಿಂದೆ ಹೋಗುತ್ತಿದ್ದಳು. ಸೊಂಟದ ಮೂಳೆ ಸವೆದಿದೆ ಎಂದು ಡಾಕ್ಟರು ಹೇಳಿದ್ದನ್ನು ಬಾಯಿಬಿಟ್ಟರೆ ಅದು ಆಫೀಸಿಗೆ ಮುಟ್ಟುತ್ತದೆ. ಅವಳದು ಕಂಪನಿಯವರು ವರ್ಷವರ್ಷವೂ ಮುಂದುವರಿಸಬೇಕಾದ ಗುತ್ತಿಗೆ ಕೆಲಸ. ಸಂಜೆ ಅಡುಗೆಕಟ್ಟೆಗೆ ಮೊಣಕೈಯೂರಿಕೊಂಡೇ ಚಪಾತಿ ಬೇಯಿಸುತ್ತಿದ್ದಳು.

ಒಂದು ಭಾನುವಾರ ಮಧ್ಯಾಹ್ನ ಮಗಳು ಶ್ರೇಯಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ತನ್ನ ಫೋನಿನಲ್ಲಿ ಅದೇ ಆಟ ತೆರೆದು, "ಸ್ವಲ್ಪ ಕಲಿಸವಾ," ಎಂದಳು. ಶ್ರೇಯಾ ಒಂದೆರಡು ಓಟ ನೋಡಿದಳು.

"ಆಯೀ, ಹಳಿ ಮ್ಯಾಲ ನಾಣ್ಯ ಬಂದಾಗೆಲ್ಲಾ ಪಕ್ಕಕ್ಕ ಯಾಕ ಸರೀತಿ?"

"ಕಾಲಿಗೆ ತಾಗತಾವಲ್ಲ."

"ತಾಗಿದ್ರ?"

"ಲಕ್ಷ್ಮೀನ ತುಳದ್ಹಂಗ ಆಗ್ತದ."

ಶ್ರೇಯಾ ನಕ್ಕು ನಕ್ಕು ಚಾಪೆಯ ಮೇಲೆ ಉರುಳಿದಳು. "ಅರೇ ದೇವಾ! ನಾಣ್ಯ ಇದ್ದಲ್ಲೇ ದಾರಿ ಖಾಲಿ ಇರ್ತದ ಆಯೀ. ನೀ ಅದನ್ನ ಬಿಟ್ಟು ಬರೋಬರ್ ರೈಲಿನ ಮುಂದ ಹೋಗಿ ನಿಂದರ್ತಿ!"

ಆಮೇಲೆ ತಾಳ್ಮೆಯಿಂದಲೇ ಕಲಿಸಿದಳು. ಓಡುವವನನ್ನು ನೋಡಬಾರದು, ಮುಂದೆ ಏನು ಬರುತ್ತಿದೆ ಎಂದು ನೋಡಬೇಕು. ಜಿಗಿದವನು ಜಲ್ದಿ ಇಳಿಯಬೇಕಾದರೆ ಗಾಳಿಯಲ್ಲಿದ್ದಾಗಲೇ ಬೆರಳನ್ನು ಕೆಳಗೆಳೆಯಬೇಕು. ಶ್ರೀಲಕ್ಷ್ಮಿಗೆ ಎಲ್ಲವೂ ತಿಳಿಯಿತು, ಆದರೆ ನಾಣ್ಯ ಕಂಡೊಡನೆ ಹೆಬ್ಬೆರಳು ತಾನಾಗಿಯೇ ಪಕ್ಕಕ್ಕೆ ಹೋಗುತ್ತಿತ್ತು. ಕೊನೆಗೆ, ಆಟ ಶುರುವಾಗುವ ಮೊದಲೇ ಒಮ್ಮೆ ಫೋನಿನ ತೆರೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಮುಂದೆ ತುಳಿಯಲಿರುವುದಕ್ಕೆಲ್ಲ ಸೇರಿಸಿ ಒಂದೇ ನಮಸ್ಕಾರ. ಆಗ ಬೆರಳು ಮಾತು ಕೇಳಿತು.

ಸೋಮವಾರ ಗಾಡಿಯ ಹತ್ತಿರವೂ ಹಾಗೇ ಮಾಡಿದಳು.

"ಕಾಕೂ ಪೂಜಾ ಸುರು ಮಾಡಿದ್ರು, ಪ್ರಸಾದ ಸಿಗ್ತದ, ಥಾಂಬಾ, ನಿಲ್ರಿ!" ಎಂದ ಸಂಕೇತ್. ಅವಳ ಓಟ ಮುಗಿಯುವ ಹೊತ್ತಿಗೆ ಅವನ ನಗು ನಿಂತಿತ್ತು. ಅಲ್ಲಿಯವರೆಗೆ ಆಡಿದವರಲ್ಲಿ ಅವಳದೇ ಎಲ್ಲರಿಗಿಂತ ಹೆಚ್ಚು.

ಕೊನೆಗೆ ಆಡಿದವರು ಪೊನ್ನಪ್ಪನವರು. ಕಾಮಠಿಯಲ್ಲಿ ಸೈನ್ಯದಿಂದ ನಿವೃತ್ತರಾಗಿ ಇಲ್ಲಿಯ ಭದ್ರತಾ ಕೆಲಸಕ್ಕೆ ಸೇರಿದ್ದ ಕೊಡಗಿನವರು; ಮುಂದಿನ ಸೀಟನ್ನು ಒಂದು ವಾರವೂ ಬಿಟ್ಟುಕೊಟ್ಟವರಲ್ಲ. ಈ ಸಲ ಶುರುವಿನಲ್ಲೇ ಡಿಕ್ಕಿ ಹೊಡೆದರು.

"ಇವತ್ತು ಟೈಮ್ ಸರಿಯಿಲ್ಲಮ್ಮ," ಎಂದು ನಕ್ಕು ಹಿಂದಿನ ಬಾಗಿಲಿಗೆ ಹೋದರು. ಒಂದು ಕಾಲಿಟ್ಟು ತೆಗೆದರು. ಇನ್ನೊಂದಿಟ್ಟರು. ಕೂರುವಾಗ ಕಣ್ಣು ಮುಚ್ಚಿಕೊಂಡರು.

ಗಾಡಿ ಮೊದಲ ಗುಂಡಿಗೆ ಇಳಿದಾಗ, ಡ್ರೈವರ್ ಪಕ್ಕ ಕೂತ ಶ್ರೀಲಕ್ಷ್ಮಿಯ ಬೆನ್ನಿಗೆ ಏನೂ ಆಗಲಿಲ್ಲ. ಹಿಂದಿನಿಂದ ಮಾತ್ರ ಒಂದು ಉಸಿರು ಹಲ್ಲುಗಳ ನಡುವೆ ಎಳೆದಂತೆ ಕೇಳಿಸಿತು.

"ಆರಾಮ ಕೂತೀರಿ, ಸರ್?"

"ತುಂಬಾ ಆರಾಮಮ್ಮ. ನೀವು ಮುಂದೆ ನೋಡಿ."

ಇದೇ ಉತ್ತರವನ್ನು ಅವಳೂ ಎಷ್ಟೋ ವಾರ ಕೊಟ್ಟಿದ್ದಳು. ಸೀಟು ಬದಲಿಸೋಣ ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಇನ್ನೊಂದು ಗುಂಡಿ ಬಂತು, ಸೊಂಟ ನೋಯಲಿಲ್ಲ, ಬಾಯಿ ಮುಚ್ಚಿಕೊಂಡಿತು.

ಪೊನ್ನಪ್ಪನವರಿಗೆ ನಿಜಕ್ಕೂ ನೋವಿತ್ತೋ, ಸೋತ ಬೇಸರವಷ್ಟೇ ಇತ್ತೋ, ಅವಳು ಕೇಳಲಿಲ್ಲ, ಅವರು ಹೇಳಲಿಲ್ಲ. ಮುಂದಿನ ಸೋಮವಾರ ಅವಳು ಗೆಲ್ಲಲೆಂದೇ ಆಡಿದಳೋ ಇಲ್ಲವೋ, ಅದು ನನಗೂ ಗೊತ್ತಿಲ್ಲ.