ನಾಲ್ಕು ಮಣದ ನಾಯಿ

ಚಿತ್ತವಾಡ್ಗಿಯ ಬೆಲ್ಲದ ವ್ಯಾಪಾರಿ ತೋಟಪ್ಪ ಒಂದು ಪೆಂಟೆ ಬೆಲ್ಲ ಎತ್ತಿದನೆಂದರೆ ತಕ್ಕಡಿಯೇ ನಾಚಬೇಕು. ಕಾಲು ಸೇರಿನ ಹೆಚ್ಚುಕಡಿಮೆಯನ್ನೂ ಅವನ ಕೈ ಹೇಳುತ್ತಿತ್ತು. ಆದರೆ ಬಾಯಿಗೆ ತನ್ನ ನಾಯಿ ಜಮಾದಾರನ ಸುದ್ದಿ ಬಂದರೆ ತೂಕ, ಅಳತೆ ಎಲ್ಲ ಹಂಪಿಯ ಗುಡ್ಡ ಹತ್ತಿ ಕೂರುತ್ತಿದ್ದವು. ಜಮಾದಾರ ಸಂಡೂರಿನ ಅಡವಿಯಲ್ಲಿ ಚಿರತೆಯ ಬಾಲ ಕಚ್ಚಿ ಕಂಪ್ಲಿಯವರೆಗೆ ಎಳೆದು ತಂದಿತ್ತಂತೆ.

ಅಂಥ ಜಮಾದಾರನಿಗೆ ಹೊಟ್ಟೆಹುಳವಾಯಿತು. ದನದ ದವಾಖಾನೆಯ ಕಂಪೌಂಡರ್ ಕಮಲಾಕರರಾಯರು ಹುಳಕ್ಕೆ ಅಡಿಕೆಪುಡಿಯ ಔಷಧ ಕಟ್ಟುತ್ತ ನಾಯಿಯ ತೂಕ ಕೇಳಿದರು. ಎತ್ತು ಹಿಡಿದು ನಿಂತಿದ್ದ ಎರ್ರಿಯಪ್ಪ ಮೊದಲಾಗಿ ಹತ್ತು ಮಂದಿ ಕೇಳುವಂತೆ ತೋಟಪ್ಪ ನಾಲ್ಕು ಮಣ ಎಂದ. ರಾಯರು ನಾಲ್ಕು ಮಣಕ್ಕೇ ಕಟ್ಟಿಕೊಟ್ಟರು. ಅಡಿಕೆ ತಾನೆ, ಊರೆಲ್ಲ ದಿನಾ ಅಗಿಯುವುದೇ ಎಂದುಕೊಂಡು ಅವನು ಮನೆಗೆ ಬಂದು ಅಷ್ಟನ್ನೂ ಬೆಲ್ಲದಲ್ಲಿ ಕಲಸಿ ತಿನ್ನಿಸಿದ.

ಎಲೆ ಹಾಕಿ ಉಗುಳುವಷ್ಟರಲ್ಲಿ ನಾಯಿಯ ಬಾಯಿಂದ ಜೊಲ್ಲು ಹೊರಟಿತು, ಬಸವಣ್ಣ ಕಾಲುವೆಗೆ ಹೊಸ ತೂಬು ತೆಗೆದ ಹಾಗೆ. ವಾಂತಿಯಾಯಿತು, ಮೈ ನಡುಗಿತು, ಹಿಂಗಾಲು ಕುಸಿದವು. ಒಂದೊಂದು ಉಸಿರಿಗೂ ಒಂದೊಂದು ಯುಗ. ಪಕ್ಕದ ಮನೆಯ ಉಚ್ಚೆಂಗಮ್ಮ ಹುಣಸೆನೀರು ಹೊಯ್ಯಲು ಬಂದಳು. ನುಂಗಲಾರದ ಬಾಯಿಗೆ ಹೊಯ್ದರೆ ಶ್ವಾಸಕ್ಕೆ ಸಿಕ್ಕೀತೆಂದು ಹೆಂಡತಿ ಮರುಳಸಿದ್ದಮ್ಮ ಅಡ್ಡ ನಿಂತಳು. ತೋಟಪ್ಪ ನಾಯಿಯನ್ನು ಎತ್ತಿದ. ಎತ್ತಿದವನು ಹಾಗೇ ಕಲ್ಲಾದ. ಕೈ ಹೇಳಿತು: ಒಂದು ಮಣ. ಕಾಲು ಸೇರೂ ಹೆಚ್ಚಿಲ್ಲ.

ನಾಯಿಯನ್ನು ಹೆಂಡತಿಯ ಮಡಿಲಿಗಿಟ್ಟು ಅವನು ಓಡಿದ ಓಟಕ್ಕೆ ಗುಂತಕಲ್ಲಿನ ರೈಲೂ ಹಿಂದೆ ಬೀಳಬೇಕು. ದವಾಖಾನೆಯಲ್ಲಿ ಕಲೆಕ್ಟರ್ ದೊರೆಯ ಕುದುರೆಗೆ ಹೊಟ್ಟೆಶೂಲೆ, ರಾಯರು ಕದಲುವಂತಿರಲಿಲ್ಲ. ಲಕ್ಷಣ ಕೇಳಿ ಅವರ ಮುಖ ಬಿಳಿಚಿತು. ನಾಲ್ಕು ಮಣದ ನಾಯಿಗೆ ಹೀಗಾಗಬಾರದಿತ್ತಲ್ಲ ಎನ್ನುತ್ತ, ಅಡಿಕೆಯ ನಂಜು ಇಳಿಸುವ ಬೆಲ್ಲಡೋನ ಔಷಧದ ಹನಿ ಎಣಿಸಿ ಸೀಸೆಗೆ ಬಿಟ್ಟರು.

“ಇದೂ ವಿಷಾನ, ತೋಟಪ್ಪ. ನಾಲ್ಕು ಮಣಕ್ಕ ಎಣಿಸೀನಿ. ತೂಕ ತಪ್ಪಿದ್ರ ಅಡಕಿ ಉಳಿಸಿದ್ದನ್ನ ಇದು ಮುಗಸ್ತದ.”

ತೋಟಪ್ಪ ಸೀಸೆ ಹಿಡಿದು ಬಾಗಿಲು ದಾಟಿದ. ಕಾಲುಭಾಗ ಹಾಕಿದರಾಯಿತು, ಯಾರಿಗೆ ಗೊತ್ತಾಗಬೇಕು? ಆದರೆ ಒಂದು ಮಣದ ಮೈಯೊಳಗೆ ನಾಲ್ಕು ಮಣದ ಪುಡಿ ಕೂತಿದೆಯಲ್ಲ, ಅದಕ್ಕೆಷ್ಟು ಹನಿ? ಆ ಲೆಕ್ಕ ರಾಯರನ್ನು ಬಿಟ್ಟು ಭೂಮಿಯ ಮೇಲೆ ಯಾರಿಗೂ ಗೊತ್ತಿರಲಿಲ್ಲ. ತಿರುಗಿ ಬಂದ.

“ರಾಯರ, ನಾಯಿ ಒಂದ ಮಣ ಐತ್ರಿ. ಪುಡಿ ಮಾತ್ರ ಪೂರಾ ತಿನಿಸೀನಿ.”

ಒಬ್ಬನೂ ನಗಲಿಲ್ಲ. ಇನ್ನೂ ಸರದಿ ಕಾಯುತ್ತಿದ್ದ ಎರ್ರಿಯಪ್ಪನ ಎತ್ತೂ ಮೆಲುಕು ನಿಲ್ಲಿಸಿತು.

“ಮತ್ತ ಆ ಚಿರತಿ?” ಎಂದ ಎರ್ರಿಯಪ್ಪ, ಮೆಲ್ಲಗೆ.

“ಬೆಕ್ಕು.”

“ಕಾಡಬೆಕ್ಕೇನಲೇ?”

“ಮನೀದು.”

ರಾಯರು ಸೀಸೆ ಕಸಿದು ಚೆಲ್ಲಿ ಬೇರೆಯದನ್ನು ಕೊಟ್ಟರು. ನಾಲಿಗೆಗೆ ಒಂದೊಂದೇ ಹನಿ ಬಿಡಬೇಕು, ಕಾಯಬೇಕು, ಜೊಲ್ಲು ಒಣಗಿದ ಕೂಡಲೇ ಕೈ ಹಿಂದೆಗೆಯಬೇಕು ಎಂದು ಮೂರು ಸಲ ಹೇಳಿ ಕಳಿಸಿದರು.

ಸಂಜೆಗೆ ಜಮಾದಾರ ತಲೆ ಎತ್ತಿ ಮರುಳಸಿದ್ದಮ್ಮನ ಸೆರಗು ನೆಕ್ಕಿತು. ನೆರೆದ ಓಣಿ ಎಷ್ಟು ಹನಿ ಬೇಕಾದವೆಂದು ಕೇಳಿ, ಐನೂರೋ ಸಾವಿರವೋ ಬರುತ್ತದೆಂದು ಕಾದು ಕುಳಿತಿತು.

“ಐದು,” ಎಂದ ತೋಟಪ್ಪ.

ಓಣಿಗೆ ಓಣಿಯೇ ದಂಗಾಗಿ, ಅವನಿಗೂ ಏನಾದರೂ ಔಷಧ ತರಬೇಕೇ ಎಂದು ಮರುಳಸಿದ್ದಮ್ಮನ ಮುಖ ನೋಡಿತು.