ಓರೆಬಂಡೆ ಹತ್ತಿದ ಡಿಫರೆನ್ಷಿಯಲ್

ನಾನು ಒಂದು ಡಿಫರೆನ್ಷಿಯಲ್. ಹೆಸರು ಕೇಳಿಯೇ ಮುಖ ಸಿಂಡರಿಸಬೇಡಿ. ನಿಮ್ಮ ಜೀಪು, ಲಾರಿಗಳ ಹೊಟ್ಟೆಯಡಿ, ಎರಡು ಚಕ್ರಗಳ ನಡುವೆ, ಎಣ್ಣೆಯಲ್ಲಿ ಮುಳುಗಿ ದುಡಿಯುವ ಹಲ್ಲುಗಾಲಿಗಳ ಕುಟುಂಬ ನಮ್ಮದು. ಗಾಡಿ ತೊಳೆಯುವವರು ಬಾನೆಟ್ಟನ್ನು ಕನ್ನಡಿಯ ಹಾಗೆ ಉಜ್ಜುತ್ತಾರೆ. ನಮ್ಮ ತನಕ ಯಾರ ಕೈಯೂ ಬರುವುದಿಲ್ಲ. ಕೆಟ್ಟು ಕೂತಾಗ ಮಾತ್ರ ಎಲ್ಲರೂ ಬಗ್ಗಿ ನೋಡುತ್ತಾರೆ.

ನಾನು ಹುಟ್ಟಿದ್ದು ಕೊಯಮತ್ತೂರಿನ ಒಂದು ಸಣ್ಣ ಕಾರ್ಖಾನೆಯಲ್ಲಿ. ಕಾದ ಉಕ್ಕಿಗೆ ಏಟು, ಮತ್ತೆ ಬೆಂಕಿ, ಆಮೇಲೆ ಎಣ್ಣೆತೊಟ್ಟಿ. ಇಷ್ಟು ಅನುಭವಿಸಿ ಹುಟ್ಟಿದವರಿಗೆ ಸ್ವಲ್ಪ ಸಿಟ್ಟಿದ್ದರೆ ತಪ್ಪೇನು? ನನಗೂ ಇದೆ. ನಮ್ಮ ಕುಲದ ಸಾಮಾನ್ಯರು ಬಹಳ ಮೆತ್ತಗಿನವರು. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಓಡಬೇಕು, ಓಡಲಿ ಎಂದು ಬಿಟ್ಟುಕೊಡುತ್ತಾರೆ. ಒಳ್ಳೆಯದೇ. ಆದರೆ ಒಂದು ಚಕ್ರ ಕೆಸರಿನಲ್ಲಿ ಸುಮ್ಮನೆ ಗಿರಗಿರ ತಿರುಗತೊಡಗಿದರೆ, ಶಕ್ತಿಯನ್ನೆಲ್ಲ ಆ ಸೋಮಾರಿಗೇ ಸುರಿಯುತ್ತಾರೆ. ಗಟ್ಟಿ ನೆಲದ ಮೇಲಿರುವ ಚಕ್ರ ಬಾಯಿ ಬಿಟ್ಟುಕೊಂಡು ನಿಂತಿರುತ್ತದೆ. ನನ್ನೊಳಗೆ ಒಂದು ಹಲ್ಲುಬಳೆ ಇಟ್ಟಿದ್ದರು. ಡ್ರೈವರು ಲಿವರ್ ಎಳೆದರೆ ಆ ಬಳೆ ಸರಿದು ಎರಡೂ ಚಕ್ರಗಳನ್ನು ಒಂದಾಗಿ ಬಿಗಿಯುತ್ತದೆ. ಲಿವರ್ ತಳ್ಳಿದರೆ ಬಿಡುತ್ತದೆ.

ಮೊದಲು ನನ್ನನ್ನು ಕೊಂಡವರು ಸೋಮವಾರಪೇಟೆಯ ಕಾಳಪ್ಪನವರು. ಕೆಸರುಗದ್ದೆಯಲ್ಲಿ ಜೀಪು ಓಡಿಸುವ ಪಂದ್ಯಗಳ ಹುಚ್ಚು ಅವರಿಗೆ. ಕಪ್ ಗೆದ್ದರೆ ನನ್ನನ್ನು ಹೊಗಳುತ್ತಿದ್ದರು, ಸೋತರೆ ಟಯರನ್ನು ಬೈಯುತ್ತಿದ್ದರು. ಅಲ್ಲಿ ಯಾರ ಪ್ರಾಣಕ್ಕೂ ಅಪಾಯವಿರಲಿಲ್ಲ. ಸಿಕ್ಕಿಬಿದ್ದರೆ ಟ್ರ್ಯಾಕ್ಟರು ಬಂದು ಎಳೆಯುತ್ತಿತ್ತು. ಮೊಣಕಾಲು ನೋವು ಶುರುವಾದ ಮೇಲೆ ಅವರು ಜೀಪನ್ನು ಬಿಡಿ ಬಿಡಿಯಾಗಿ ಮಾರಿಬಿಟ್ಟರು. ನಾನು ಕೊಳ್ಳೇಗಾಲದ ಮೆಕ್ಯಾನಿಕ್ ಅಮೀರ್‌ಜಾನನ ಹಲಗೆಯ ಮೇಲೆ ಬಂದು ಕೂತೆ.

ಅಲ್ಲಿಗೆ ಒಂದು ಬೆಳಿಗ್ಗೆ ಅಣ್ಣ ತಂಗಿ ಬಂದರು. ಅಣ್ಣ ಕಾರಯ್ಯ ಊರುಗೋಲು ಹಿಡಿದಿದ್ದ. ತಂಗಿ ದುಂಡಮ್ಮನ ಕೈಯಲ್ಲಿ ಜೀಪಿನ ಕೀಲಿ ಇತ್ತು. ಬೆಟ್ಟದ ಮೇಲಿನ ಇವರ ಊರು ತೇಗಿನದೊಡ್ಡಿಗೆ ಆಗ ಬಸ್ಸು ಹೋಗುತ್ತಿರಲಿಲ್ಲ. ಕೆಳಗಿನ ಬಸ್ ಸ್ಟಾಪಿನಿಂದ ಜನರನ್ನೂ ರೇಷನ್ನನ್ನೂ ಹತ್ತಿಸುವುದು ಇವರ ಜೀಪೇ. ಮೊದಲು ಕಾರಯ್ಯ ಓಡಿಸುತ್ತಿದ್ದ. ಒಂದು ಮಳೆಗಾಲ ಏರಿನಲ್ಲಿ ಚಕ್ರ ತಿರುಗಿದಲ್ಲೇ ತಿರುಗಿ, ಗಾಡಿ ಹಿಂದಕ್ಕೆ ಉರುಳಿ ಅವನ ಕಾಲು ಜಜ್ಜಿಹೋಗಿತ್ತು. ಅಂದಿನಿಂದ ಸ್ಟೀರಿಂಗ್ ತಂಗಿಯ ಕೈಗೆ ಬಂತು. ಆದರೆ ಅವನು ಪಕ್ಕದ ಸೀಟು ಬಿಟ್ಟಿರಲಿಲ್ಲ. ಹ್ಯಾಂಡ್‌ಬ್ರೇಕಿನ ಮೇಲೆ ಅಂಗೈ ಇಟ್ಟುಕೊಂಡೇ ಕೂರುತ್ತಿದ್ದ. “ಒಂದ್ಸಲ ಜಾರುದ್ರೂ ಗಾಡಿ ಮಾರ್ಬುಡ್ತಿನಿ ಕನವ್ವ. ನನ್ನ ಕಾಲು ಹೋದಂಗ ನಿನ್ನ ಜೀವ ಹೋಗದು ಬ್ಯಾಡ” ಎಂದು ಹೇಳಿಬಿಟ್ಟಿದ್ದ. ದುಂಡಮ್ಮನಿಗೆ ಆ ಸ್ಟೀರಿಂಗೇ ಬದುಕು. ಅದು ಹೋದರೆ ಮತ್ತೆ ಕಂಡವರ ಹೊಲದಲ್ಲಿ ಕಳೆ ಕೀಳಬೇಕು.

ಅಮೀರ್‌ಜಾನ್ ನಮ್ಮ ಮೂವರನ್ನು ಮುಂದಿಟ್ಟ. ಒಬ್ಬಾತ ಲಿಮಿಟೆಡ್ ಸ್ಲಿಪ್. ಜಾರುವ ಚಕ್ರವನ್ನು ಒಳಗಿನ ತಟ್ಟೆಗಳಿಂದ ಒತ್ತಿ ತಡೆಯುವವನು, ನಯವಂತ. ಆದರೆ ಚಕ್ರ ಗಾಳಿಯಲ್ಲಿ ತೇಲಿದರೆ ಕೈಚೆಲ್ಲುತ್ತಾನೆ. ಇನ್ನೊಬ್ಬ ಆಟೋಮ್ಯಾಟಿಕ್ ಲಾಕರ್. ಯಾರನ್ನೂ ಕೇಳದೆ ತಾನೇ ಬಿಗಿಯುತ್ತಾನೆ, ತಿರುವಿನಲ್ಲಿ ಟಕ್ ಟಕ್ ಎಂದು ಗೊಣಗುತ್ತಾನೆ. ಮೂರನೆಯವನು ನಾನು.

“ಆಟೋಮ್ಯಾಟಿಕ್ನೇ ಹಾಕಪ್ಪ” ಎಂದ ಕಾರಯ್ಯ. “ಇವ್ಳು ಗಾಬ್ರಿಲಿ ಲಿವರ್ ಎಳಿಯದ ಮರ್ತ್ರ ಯಾರು ಗತಿ?”

ದುಂಡಮ್ಮ ಒಪ್ಪಲಿಲ್ಲ. “ಹಿಡಿಯದು ಸರಿ ಕನಣ್ಣ. ನಮ್ ದಾರೀಲಿ ವಾಲ್ಕಂಡಿರ ಓರೆಬಂಡೇಲಿ ಬುಡ್ದೆ ಕುಂತ್ಕಂಡ್ರ? ಎರಡು ಚಕ್ರವೂ ಒಟ್ಗ ಕೊಳ್ಳದ ಕಡೆಗ ಜಾರ್ತವ. ಹಿಡಿಯದು, ಬುಡದು ಎರಡೂ ನನ್ನ ಕೈಲಿರ್ಲಿ.”

“ಅಕ್ಕ ಹೇಳೋದು ಖರೆ” ಎಂದ ಅಮೀರ್‌ಜಾನ್. “ಆದ್ರೆ ಬಿಡುವಾಗ ಇದು ಒಮ್ಮೊಮ್ಮೆ ಹಟ ಮಾಡ್ತದೆ. ಚಕ್ರದ ಮೇಲೆ ಜೋರು ಇದ್ರೆ ಬಳೆ ಸರಿಯಲ್ಲ. ಗಾಡೀನ ಒಂದ್ಸ್ವಲ್ಪ ಹಿಂದಕ್ಕೆ ಬಿಟ್ಕೊಡ್ಬೇಕು.”

ಹಟಮಾರಿ ಎಂದದ್ದಕ್ಕೆ ನನಗೆ ಬೇಸರವಾಗಲಿಲ್ಲ. ಹಿಂದಕ್ಕೆ ಎಂಬ ಮಾತಿಗೆ ಕಾರಯ್ಯನ ಊರುಗೋಲು ನೆಲದ ಮೇಲೆ ಜರುಗಿದ್ದು ನನಗೆ ಕಂಡಿತು.

ಹೀಗೆ ನಾನು ಆ ಜೀಪಿನ ಹಿಂದಿನ ಚಕ್ರಗಳ ನಡುವೆ ಸೇರಿದೆ.

ತೇಗಿನದೊಡ್ಡಿಯ ದಾರಿಯಲ್ಲಿ ಮೊದಲು ಮೆಟ್ಟಿಲುಬಂಡೆ ಸಿಗುತ್ತಿತ್ತು. ಅದು ಮುಗಿದ ಕೂಡಲೇ ಓರೆಬಂಡೆ. ಒಂದು ಕಡೆ ದಿಣ್ಣೆ, ಇನ್ನೊಂದು ಕಡೆ ಕೊಳ್ಳ, ನಡುವೆ ಕೊಳ್ಳದ ಕಡೆಗೆ ವಾಲಿದ ಬೋಳುಬಂಡೆ. ಅಲ್ಲಿ ದೊಡ್ಡಿಯವರದೇ ಒಂದು ಪದ್ಧತಿ. ಓರೆಬಂಡೆ ಬರುತ್ತಲೇ ಯಾರೂ ಹೇಳದೆ ಗಂಡಸರು ಹೆಂಗಸರೆಲ್ಲ ದಿಣ್ಣೆಯ ಮಗ್ಗುಲಿನ ಫುಟ್‌ಬೋರ್ಡಿಗೆ ಬಂದು ಹೊರಕ್ಕೆ ಜೋತುಬೀಳುತ್ತಿದ್ದರು. ಅವರ ಭಾರಕ್ಕೆ ಮೇಲಿನ ಚಕ್ರಗಳೂ ನೆಲ ಕಚ್ಚುತ್ತಿದ್ದವು. ಮಾತು, ಎಲೆಅಡಿಕೆ ಎಲ್ಲ ಆ ಜೋತಾಟದಲ್ಲೇ ನಡೆಯುತ್ತಿತ್ತು.

ನಾನು ಮೊದಲ ಸಲ ಆ ಏರು ಹತ್ತಿದ ಮಧ್ಯಾಹ್ನ ಮಳೆ ಆಗಷ್ಟೇ ನಿಂತಿತ್ತು. ಜೀಪಿನ ತುಂಬ ಜನ, ಕಾಲಡಿ ಅಕ್ಕಿಮೂಟೆ. ಮೆಟ್ಟಿಲುಬಂಡೆಯ ಬುಡದಲ್ಲಿ ದುಂಡಮ್ಮ ಗಾಡಿ ನಿಲ್ಲಿಸಿ ಲಿವರ್ ಎಳೆದಳು. ನಾನು ಬಿಗಿದೆ. ಒಂದು ಚಕ್ರ ಗಾಳಿಯಲ್ಲಿ ತೇಲಿದರೂ ಇನ್ನೊಂದು ಕಲ್ಲನ್ನು ಕಚ್ಚಿ ಎತ್ತಿತು. ಒಳಗಿದ್ದವರು ಕೇಕೆ ಹಾಕಿದರು. ನನಗೆ ಹೆಮ್ಮೆಯೂ ಆಯಿತು, ಸುಳ್ಳೇಕೆ ಹೇಳಲಿ?

ಆ ಕೇಕೆಯೇ ಕೆಡಿಸಿತು. ಓರೆಬಂಡೆ ಬಂದರೂ ಯಾರೂ ಏಳಲಿಲ್ಲ. “ಹೊಸ ಲಾಕು ಹಾಕ್ಸವ್ರಲ್ಲ, ಇನ್ಯಾಕ ನೇತಾಡದು?” ಎಂದಿತು ಒಂದು ದನಿ. ಎಲ್ಲರೂ ನಕ್ಕು, ಹಾಯಾಗಿ ಕೂತಲ್ಲೇ ಕೂತರು. ದುಂಡಮ್ಮ ಹಿಂದೆ ತಿರುಗಿ ನೋಡಲಿಲ್ಲ. ಅವಳ ಕಣ್ಣೆಲ್ಲ ಬಂಡೆಯ ಮೇಲಿನ ಪಾಚಿಯ ಮೇಲಿತ್ತು. ಅವಳು ನನ್ನನ್ನು ಬಿಡಿಸಲು ಲಿವರ್ ತಳ್ಳಿದಳು. ಕೇಬಲ್ ನನ್ನ ಬಳೆಯನ್ನು ನೂಕಿತು. ಬಳೆ ಜಗ್ಗಲಿಲ್ಲ. ಏರಿನ ಜೋರೆಲ್ಲ ನನ್ನ ಹಲ್ಲುಗಳ ಮೇಲೆ ಕೂತಿತ್ತು.

ಗಾಡಿ ಆಗಲೇ ಬಂಡೆಯ ನಡುವಿತ್ತು. ನನ್ನ ಎರಡೂ ಚಕ್ರಗಳು ಒಟ್ಟಿಗೆ ತಿರುಗಿ, ಒಟ್ಟಿಗೆ ಜಾರಿದವು. ಜೀಪಿನ ಹಿಂಭಾಗ ಮೆಲ್ಲಗೆ ಕೊಳ್ಳದ ಕಡೆಗೆ ಸರಿಯತೊಡಗಿತು. ಸಣ್ಣ ಕಲ್ಲುಗಳು ಉದುರಿದವು. ಅವು ಕೆಳಗೆ ತಲುಪಿದ ಸದ್ದು ಎಷ್ಟೋ ಹೊತ್ತಿನ ಮೇಲೆ ಬಂತು. ದುಂಡಮ್ಮ ಬ್ರೇಕು ತುಳಿದಳು. ಕಾರಯ್ಯ ಹ್ಯಾಂಡ್‌ಬ್ರೇಕನ್ನು ಮೇಲಕ್ಕೆ ಜಗ್ಗಿದ. ಜೀಪು ನಿಂತಿತು, ಕೊಳ್ಳದ ಅಂಚಿಗೆ ಒಂದು ಗೇಣು ಉಳಿಸಿ.

ಯಾರೋ ಇಳಿಯಲು ಎದ್ದರು. ಜೀಪು ನಡುಗಿತು.

“ಇಳೀಬೇಡಿ! ಭಾರ ತಪ್ಪಿ ಬೀಳ್ತದ” ಎಂದು ದುಂಡಮ್ಮ ಕೂಗಿದಳು. “ದಿಣ್ಣೆ ಮಗ್ಗುಲ್ಗ ಜೋತ್ಬೀಳಿ. ಒಬ್ಬೊಬ್ರೇ, ಮೆಲ್ಗ.”

ಒಬ್ಬೊಬ್ಬರಾಗಿ ಸರಿದರು. ಈಗ ಯಾರ ಬಾಯಲ್ಲೂ ನಗುವಿರಲಿಲ್ಲ. ಮೇಲಿನ ಚಕ್ರಕ್ಕೆ ಭಾರ ಬಂತು. ಇನ್ನು ನಾನು ಬಿಟ್ಟುಕೊಟ್ಟರೆ ಸಾಕು. ನಾನು ಬಿಟ್ಟುಕೊಡಬೇಕಾದರೆ ಜೀಪು ಕೂದಲೆಳೆಯಷ್ಟಾದರೂ ಹಿಂದಕ್ಕೆ ಉರುಳಬೇಕು. ಆದರೆ ಹ್ಯಾಂಡ್‌ಬ್ರೇಕ್ ಬಿಗಿದಿತ್ತು. ಅದರ ಕೇಬಲ್ ನನ್ನ ಪಕ್ಕದಲ್ಲೇ ಹಾದುಹೋಗುತ್ತದೆ. ಅದು ತಂತಿಯಂತೆ ಬಿಗಿದು ಸಣ್ಣಗೆ ಅದುರುತ್ತಿತ್ತು. ಕಾರಯ್ಯ ಅದನ್ನು ಇನ್ನೂ ಜಗ್ಗಿ ಹಿಡಿದಿದ್ದಾನೆ ಎಂದು ನನಗೆ ಗೊತ್ತಾಯಿತು.

“ಅಣ್ಣ, ಕೈ ಬುಡು.”

“ಬುಡಲ್ಲ ಕನವ್ವ. ಹಿಂದಕ್ಕ ಹೋಯ್ತದ.”

“ಹೋಗ್ಲಿ ಅಂತ್ಲೇ ಕೇಳ್ತಾ ಇವ್ನಿ. ನನ್ ಕಾಲು ಬ್ರೇಕ್ ಮ್ಯಾಲದ.”

“ನನ್ ಕಾಲೂ ಬ್ರೇಕ್ ಮ್ಯಾಲೇ ಇತ್ತು ದುಂಡಿ.”

ಬಲವಂತದಿಂದ ಅವನ ಬೆರಳು ಬಿಡಿಸಲು ಅವಳಿಗೆ ಕೈ ಬಿಡುವಿರಲಿಲ್ಲ. ಎರಡೂ ಕೈ ಸ್ಟೀರಿಂಗಿನಲ್ಲೇ ಇರಬೇಕು. ನಾನು ಉಕ್ಕಿನವನು, ಆದರೂ ಹೆದರಿದೆ. ನನ್ನನ್ನು ಆರಿಸಿ ತಂದವಳನ್ನು ನಾನೇ ಕೊಳ್ಳಕ್ಕೆ ತಳ್ಳುವ ಹಾಗೆ ಆಯಿತಲ್ಲ ಎಂದು ಸಂಕಟವಾಯಿತು.

ಆಗ ಪಕ್ಕದ ಕೇಬಲ್ ಮೆಲ್ಲಗೆ ಸಡಿಲವಾಯಿತು. ಕಾರಯ್ಯ ಬ್ರೇಕು ಇಳಿಸಿ ಕೈ ತೆಗೆದಿದ್ದ.

ದುಂಡಮ್ಮ ಪಾದವನ್ನು ಒಂದಿಷ್ಟೇ ಎತ್ತಿದಳು. ಜೀಪು ಬೆರಳಗಲ ಹಿಂದಕ್ಕೆ ಉರುಳಿತು. ಜೋತುಬಿದ್ದವರಲ್ಲೊಬ್ಬರು ದೇವರನ್ನು ಕರೆದರು. ಟಕ್ಕೆಂದು ನನ್ನ ಬಳೆ ಸರಿಯಿತು. ಚಕ್ರಗಳು ತಮ್ಮ ತಮ್ಮ ದಾರಿಗೆ ಬಂದವು. ಮರುಗಳಿಗೆಯಲ್ಲಿ ಅವಳು ಕ್ಲಚ್ ಬಿಟ್ಟಳು. ಮೇಲಿನ ಚಕ್ರ ಬಂಡೆ ಕಚ್ಚಿತು, ಕೆಳಗಿನದು ಅಡ್ಡಕ್ಕೆ ಜಾರದೆ ಆತುಕೊಂಡಿತು. ಇಂಚು ಇಂಚಾಗಿ ಜೀಪು ಓರೆಬಂಡೆ ದಾಟಿತು.

ಈಗ ಆ ಬಂಡೆಯನ್ನು ಒಡೆದು ಕಾಂಕ್ರೀಟ್ ರಸ್ತೆ ಮಾಡಿದ್ದಾರೆ. ಮಿನಿಬಸ್ಸು ತೇಗಿನದೊಡ್ಡಿಗೇ ಬರುತ್ತದೆ. ಅದನ್ನು ಓಡಿಸುವವಳೂ ದುಂಡಮ್ಮನೇ. ಜೀಪು ಗುಜರಿಗೆ ಹೋಗುವಾಗ ನನ್ನನ್ನು ಬಿಚ್ಚಿ ಮನೆಯ ಹಿಂದೆ, ಸೌದೆಯ ಪಕ್ಕದಲ್ಲಿ ಇಟ್ಟಿದ್ದಾರೆ. ತುಕ್ಕು ಹಿಡಿದಿದ್ದೇನೆ, ಕೋಳಿಗಳು ನನ್ನ ಮೇಲೆ ಹತ್ತಿ ಕೂರುತ್ತವೆ. ಸಿಟ್ಟು ಮಾತ್ರ ಸ್ವಲ್ಪ ಇಳಿದಿದೆ. ನಮ್ಮಲ್ಲಿ ಯಾವುದು ಒಳ್ಳೆಯದು ಎಂದು ಯಾರಾದರೂ ಕೇಳಿದರೆ, ದಾರಿ ಯಾವುದು, ಓಡಿಸುವವರು ಯಾರು ಎಂದು ತಿರುಗಿ ಕೇಳುತ್ತೇನೆ.

ಆದರೆ ಆ ದಿನದ ಕಥೆ ಇನ್ನೊಂದು ಚೂರು ಉಳಿದಿದೆ. ದೊಡ್ಡಿ ತಲುಪಿದ ಮೇಲೆ ಜನ ಮೂಟೆ ಇಳಿಸಿಕೊಂಡರು. ಜಾರಿದ್ದಂತೂ ಜಾರಿದ್ದೇ. ಗಾಡಿ ಮಾರುವ ಮಾತು ಈಗ ಬರುತ್ತದೆ ಎಂದು ನಾನು ಕಾಯುತ್ತಿದ್ದೆ. ದುಂಡಮ್ಮನೂ ಅದನ್ನೇ ಕಾಯುತ್ತಿದ್ದಳೇನೋ, ಎಂಜಿನ್ ಆರಿಸಿದರೂ ಸೀಟಿನಿಂದ ಇಳಿದಿರಲಿಲ್ಲ. ಒಬ್ಬ ಮುದುಕಿ ಎಂದಿನಂತೆ ಕಾರಯ್ಯನ ಹತ್ತಿರ ಬಂದು ಕೇಳಿದಳು, “ನಾಳ ಆಸ್ಪತ್ರೆಗ ಹೋಗ್ಬೇಕು ಕನಪ್ಪ. ಜೀಪು ಎಷ್ಟೊತ್ಗ ಹೊರಡ್ತದ?”

ಕಾರಯ್ಯ ಊರುಗೋಲು ಹಿಡಿದು ಮೆಲ್ಲಗೆ ಕೆಳಗಿಳಿದ.

“ನನ್ನ ಯಾಕ ಕೇಳಿಯವ್ವ?” ಎಂದ. “ಡ್ರೈವರ್ನ ಕೇಳು.”